ಎಮ್ಮೆಬೆನ್ನು

ನನ್ನ ಟಿಕೆಟ್ ಮಿಷನ್ನಿನಲ್ಲಿ ಆ ಸ್ಟಾಪಿಲ್ಲ.
ಒತ್ತಿದರೆ ಬರುವುದು ‘ಕೆರೆಕೋಡಿ ನಾಲ್ಕನೇ ಅಡ್ಡರಸ್ತೆ’.
ಕೇಳುವವರು ಮಾತ್ರ
‘ಎಮ್ಮೆಬೆನ್ನು, ಒಂದು’ ಅನ್ನುತ್ತಾರೆ,
ಮುಖ ನೋಡದೆ, ಚಿಲ್ಲರೆ ಎಣಿಸುತ್ತಾ.

ಅಲ್ಲಿ ರಸ್ತೆ ಒಂದು ಗೇಣು ಉಬ್ಬಿದೆ.
ಹಂಪಲ್ಲ. ಹಂಪಿಗೆ ಬಿಳಿ ಪಟ್ಟೆ ಇರುತ್ತೆ, ಬೋರ್ಡಿರುತ್ತೆ.
ಇದು ಓರೆಯಾಗಿ,
ಮಲಗಿದ ಯಾರೋ ಮಗ್ಗುಲು ಬದಲಿಸಹೊರಟು
ಅರ್ಧಕ್ಕೇ ಬೇಡವೆಂದುಕೊಂಡ ಹಾಗೆ.

ಕತೆ ಎಲ್ಲರಿಗೂ ಗೊತ್ತು, ಯಾರಿಗೂ ಪೂರ್ತಿ ಗೊತ್ತಿಲ್ಲ.
ಕೆರೆಗೆ ಲಾರಿ ಲಾರಿ ಮಣ್ಣು ಸುರಿದ ವರ್ಷ
ದೊಡ್ಡತಾಯಮ್ಮನ ಎಮ್ಮೆ ಕೆಸರು ಬಿಟ್ಟು ಏಳಲಿಲ್ಲವಂತೆ.
ಹಗ್ಗ ಹಾಕಿ ಎಳೆದರು. ಹಿಂಡಿ ತೋರಿಸಿದರು.
ಕರುವನ್ನು ದಡದಲ್ಲಿ ಕಟ್ಟಿ ಕೂಗಿಸಿದರು.
ಮೂಗಿನ ಹೊಳ್ಳೆ ಎರಡನ್ನು ಮೇಲಿಟ್ಟು
ಅದು ಮೆಲುಕು ಹಾಕುತ್ತಲೇ ಇತ್ತಂತೆ.
ಐದು ಗಂಟೆಗೆ ಕಂಟ್ರಾಕ್ಟರು ವಾಚು ನೋಡಿದ.

ಆಮೇಲೆ ಡಾಂಬರು. ಆಮೇಲೆ ಅದರ ಮೇಲೆ ಡಾಂಬರು.
ಎಷ್ಟು ಸಲ ಮಟ್ಟ ಮಾಡಿದರೂ
ಮೂರು ತಿಂಗಳಿಗೆ ಬೆನ್ನು ಎದ್ದು ಬರುತ್ತೆ.
‘ಜೇಡಿ ಕಣ್ರೀ, ನೀರು ಕುಡಿದು ಊದುತ್ತೆ’ ಎಂದ ಇಂಜಿನಿಯರು
ಜೀಪಿಗೆ ವಾಪಸ್ಸು ಹೋಗುವಾಗ ಸುತ್ತು ಹಾಕಿ ಹೋದರು,
ದಾಟಲಿಲ್ಲ. ನಾನೇ ನೋಡಿದ್ದೇನೆ.

ನಂಬ್ತೀರಾ ಅಂತ ಕೇಳಿನೋಡಿ.
ಹೂವಿನ ಮುನಿಲಕ್ಷ್ಮಮ್ಮ ನಗುತ್ತಾಳೆ:
‘ಹೋಗಮ್ಮ, ಎಮ್ಮೆಗೆಲ್ಲ ಯಾರು ಕೈಮುಗೀತಾರೆ!’
ಸಂಜೆಗೆ ಉಳಿದ ಅರ್ಧ ಮೊಳ ಕನಕಾಂಬರ
ಎಸೆಯುವುದು ಮಾತ್ರ ಅಲ್ಲಿಗೇ.
ಪಂಕ್ಚರ್ ಅಂಗಡಿಯ ಅನ್ಸರ್ ‘ನಮ್ಮಲ್ಲಿ ಇಂಥದ್ದಿಲ್ಲ’ ಎಂದು
ಟ್ಯೂಬು ಅದ್ದಿದ ನೀರನ್ನು ಚರಂಡಿಗೆ ಚೆಲ್ಲದೆ
ಉಬ್ಬಿಗೆ ಸುರಿದು ಬರುತ್ತಾನೆ: ‘ಬಿಸಿಲಲ್ವಾ, ಮೇಡಂ.’
ಬಸುರಿಯರು ಆಟೋ ಇಳಿದು ನಡೆದು ದಾಟುತ್ತಾರೆ.
ಡಾಕ್ಟರು ಹೇಳಿದ್ದಾರಂತೆ.
ಲೇಕ್ ವ್ಯೂ ಅಪಾರ್ಟ್‌ಮೆಂಟಿನವರಿಗೆ ಸಿಟ್ಟು,
ಕಾರಿನ ಹೊಟ್ಟೆ ಕೆರೆಯುತ್ತೆ.
ಅವರ ಬಾಲ್ಕನಿಯಿಂದ ಕಾಣುವ ನೀರೆಂದರೆ
ಅನ್ಸರನ ಬಕೆಟ್ಟು.

ಹೋದ ಚುನಾವಣೆಗೆ ಮುಂಚೆ ದೊಡ್ಡ ಮಿಷನ್ನು ಬಂತು.
ಆಳಕ್ಕೆ ಅಗೆದು, ಜಲ್ಲಿ ತುಂಬಿ, ಕಾಂಕ್ರೀಟು ಹಾಸಿದರು.
ಮೂಳೆ ಸಿಕ್ಕಿತಾ ಅಂತ ಕೇಳಲು ನಿಂತವರು
ಕೇಳದೆ ಮನೆಗೆ ಹೋದರು.

ಮೂರು ತಿಂಗಳು. ನಾಲ್ಕು. ರಸ್ತೆ ಏಳಲಿಲ್ಲ.
ಅಭ್ಯಾಸಬಲ, ಕೂಗಿಬಿಟ್ಟೆ:
‘ಎಮ್ಮೆ ಬಂತು, ಕಂಬಿ ಹಿಡ್ಕೊಳ್ಳಿ!’
ಬಸ್ಸು ನುಣ್ಣಗೆ ಜಾರಿಹೋಯಿತು.
ಕಂಬಿ ಹಿಡಿದ ಅಷ್ಟೂ ಕೈಗಳು ಪೆಚ್ಚಾದವು.
ಡ್ರೈವರ್ ಪುಟ್ಟಮಾದಯ್ಯ ಆ ಟ್ರಿಪ್ಪು ಪೂರ್ತಿ ಮಾತಾಡಲಿಲ್ಲ.
ಸ್ಟಾಪಿನ ಹೆಸರು ಹೇಳುವಾಗ ಜನ ತಡವರಿಸತೊಡಗಿದರು,
ತೀರಿಕೊಂಡವರ ನಂಬರು
ಫೋನಿನಲ್ಲಿ ಅಳಿಸದೆ ಉಳಿದಿರುತ್ತಲ್ಲ, ಹಾಗೆ.

ಮೊನ್ನೆ ಮೊದಲ ಟ್ರಿಪ್ಪು, ಐದೂಕಾಲು, ಇನ್ನೂ ಕತ್ತಲೆ.
ಢಬ್ಬೆಂದಿತು.
ಬ್ಯಾಗಿನ ಚಿಲ್ಲರೆಯೆಲ್ಲ ಒಮ್ಮೆ ಎದ್ದು ಕೂತಿತು.
ಮಾರ್ಕೆಟ್ಟಿಗೆ ಹೊರಟ ಸೊಪ್ಪಿನ ಹೆಂಗಸರು
ತೂಕಡಿಕೆಯಿಂದ ಎಚ್ಚೆತ್ತು ಬೈಯಲು ಬಾಯಿ ತೆರೆದವರು
ಒಬ್ಬರ ಮುಖ ಒಬ್ಬರು ನೋಡಿ
ಹಲ್ಲು ಬಿಟ್ಟರು.

ಇಳಿದು ನೋಡಿದೆ.
ಓರೆ ಕೂಡ ಸರಿಯಾಗಿ ಬಂದಿತ್ತು,
ಒಂದು ಕಡೆ ಮಾತ್ರ ಸಲಿಕೆಯಿಂದ ತಟ್ಟಿದ ಗುರುತು.
ಅನ್ಸರನ ಶಟರು ಅರ್ಧ ಎತ್ತಿತ್ತು, ಒಳಗೆ ಮೂರು ಲೋಟ ಟೀ.
ಮುನಿಲಕ್ಷ್ಮಮ್ಮನ ಉಗುರು ಕಪ್ಪಗಿತ್ತು.
ಅವರು ನನ್ನನ್ನು ನೋಡಲಿಲ್ಲ. ನಾನೂ ನೋಡಲಿಲ್ಲ.

ಪುಟ್ಟಮಾದಯ್ಯ ಎರಡು ಸಲ ಹಾರನ್ನು ಒತ್ತಿದರು.
ಬಂದೆ ಎಂದೆ.
ಬರುವ ಮುಂಚೆ ಬಗ್ಗಿ ಅಂಗೈ ಇಟ್ಟೆ.
ಬೆಚ್ಚಗಿತ್ತು.
ಹೊಸ ಡಾಂಬರು, ಇರುತ್ತೆ.